‘ಬಂದೆ’ ಎಂಬ ಸುಳ್ಳು ಹೇಳಿಕೆ

ಮನೆಯಲ್ಲಿ ಯಾರು ಕೂಗಿದರೂ ಸಿಂಚನಾ ಇದ್ದಲ್ಲಿಂದಲೇ "ಬಂದೆ" ಅನ್ನುತ್ತಿದ್ದಳು. ಒಲೆಯ ಮೇಲೆ ಹಾಲಿದ್ದರೆ ಅದು ಉಕ್ಕುವ ತನಕ ಬರುತ್ತಿರಲಿಲ್ಲ, ಬಟ್ಟೆ ನೆನೆಹಾಕುತ್ತಿದ್ದರೆ ಕೊನೆಯ ಕರವಸ್ತ್ರ ಮುಳುಗುವ ತನಕ ಬರುತ್ತಿರಲಿಲ್ಲ. ಬಾಯಲ್ಲಿ ಮಾತ್ರ ಬಂದಾಗಿರುತ್ತಿತ್ತು. ಕೋಣೆಯಲ್ಲಿ ಕೂತ ಅತ್ತೆ ಪುಟ್ಟಮಾದಮ್ಮನಿಗೆ ಅಷ್ಟೇ ಸಾಕು. ಸಕ್ಕರೆ ಕಾಯಿಲೆ ಆಕೆಯ ಎರಡೂ ಕಣ್ಣು ತಿಂದು ಆರು ವರ್ಷವಾಗಿತ್ತು. "ಸಿಂಚನಾ" ಎಂದು ಕೂಗುವುದು, ಅಡುಗೆಮನೆಯಿಂದ "ಬಂದೆ ಅತ್ತೆ" ಎಂಬ ದನಿ ಕೇಳುವುದು, ಆಮೇಲೆ ಗೋಡೆಗೆ ಒರಗಿ ನೆಮ್ಮದಿಯಾಗಿ ಕಾಯುವುದು. ಹತ್ತು ನಿಮಿಷ ತಡವಾದರೂ ಎರಡನೇ ಸಲ ಕೂಗುತ್ತಿರಲಿಲ್ಲ.

ಇದನ್ನು ಯಾರೂ ಸುಳ್ಳು ಅಂದಿರಲಿಲ್ಲ. ಅನ್ನುವುದಾದರೆ ಕನ್ನಡ ಮಾತಾಡುವ ಅಷ್ಟೂ ಜನರನ್ನು ಹಿಡಿದು ಒಳಗೆ ಹಾಕಬೇಕಾಗುತ್ತದೆ. ಕೂಗಿದವರಿಗೂ ಗೊತ್ತು, ಓಗೊಟ್ಟವರಿಗೂ ಗೊತ್ತು, ಬಂದೆ ಅಂದರೆ ಇನ್ನೂ ಬಂದಿಲ್ಲ ಅಂತಲೇ ಅರ್ಥ. ನಿಜವಾಗಿ ಬಂದು ಎದುರು ನಿಂತವರು ಬಂದೆ ಅಂತ ಯಾಕೆ ಹೇಳುತ್ತಾರೆ, ಕಾಣುತ್ತದಲ್ಲ. ಇಷ್ಟು ಸಣ್ಣ ವಿಷಯವನ್ನು ಯಂತ್ರಕ್ಕೆ ಬಿಡಿಸಿ ಹೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಹೊಳೆಯದೆ ಹೋದದ್ದರಿಂದಲೇ ಇಸವಿ ಎರಡು ಸಾವಿರದ ನಲವತ್ತಾರರಲ್ಲಿ ಸಿಂಚನಾಳ ಕೆಲಸ ಹೋಯಿತು.

ಕಾವಲುಕೆರೆ ಪಟ್ಟಣಕ್ಕೆ ಕುಡಿಯುವ ನೀರು ಕೊಡುವ ಜಲಶುದ್ಧಿ ಘಟಕದಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಆಪರೇಟರ್. ಹೆಸರು ಸಿಂಚನಾ, ಕೆಲಸ ನೀರಿನದು. ಸೇರಿದ ಹೊಸದರಲ್ಲಿ ಇದನ್ನೇ ಹಿಡಿದು ಎಲ್ಲರೂ ಕಿಚಾಯಿಸಿದ್ದರು. ಲೋಟದ ನೀರನ್ನು ಮೂಗಿನ ಹತ್ತಿರ ಹಿಡಿದು ಕ್ಲೋರಿನ್ ಹೆಚ್ಚೋ ಕಡಿಮೆಯೋ ಹೇಳಿಬಿಡುತ್ತಿದ್ದಳು, ಮೀಟರು ಆಮೇಲೆ ಅದನ್ನೇ ಹೇಳುತ್ತಿತ್ತು. ಊರಿನ ಮದುವೆಮನೆಯಲ್ಲಿ ನೀರು ಕುಡಿದು ಯಾರಾದರೂ ರುಚಿಯಾಗಿದೆ ಅಂದರೆ ತಾನೇ ಅಡುಗೆ ಮಾಡಿದವಳ ಹಾಗೆ ನಾಚಿಕೊಳ್ಳುತ್ತಿದ್ದಳು. ಆ ಕೆಲಸವನ್ನು ಅವಳು ಅಷ್ಟು ಹಚ್ಚಿಕೊಂಡಿದ್ದಳು.

ಘಟಕದಲ್ಲಿ ಒಂದು ಕಿವಿ ಇತ್ತು. ಅದರ ಅಸಲಿ ಹೆಸರು ಅರ್ಧ ಸಾಲು ಉದ್ದ, ಯಾರಿಗೂ ನೆನಪಿಲ್ಲ. ಕೆಲಸಗಾರರು ಕಿವಿ ಅಂತಲೇ ಕರೆಯುತ್ತಿದ್ದರು. ವಾಕಿಟಾಕಿಯಲ್ಲಿ ಯಾರು ಏನು ಮಾತಾಡಿದರೂ ಕೇಳಿಸಿಕೊಂಡು, ಅರ್ಥಮಾಡಿಕೊಂಡು, ಕಂಟ್ರೋಲ್ ರೂಮಿನ ಪರದೆಯ ಮೇಲೆ ಬರೆದು, ಅದಕ್ಕೆ ತಕ್ಕಂತೆ ವಾಲ್ವು ಪಂಪುಗಳನ್ನು ನಡೆಸುವ ವ್ಯವಸ್ಥೆ ಅದು. ಯಾರು ಎಲ್ಲಿದ್ದಾರೆಂದು ಹೇಳಲು ಎಲ್ಲರ ಎದೆಯ ಮೇಲೂ ಬ್ಯಾಡ್ಜು ಇತ್ತು. ಆದರೆ ನೀರು ಸೋಸುವ ಫಿಲ್ಟರ್ ಬೆಡ್ಡಿನ ತೇವಕ್ಕೆ ಬ್ಯಾಡ್ಜು ಆಗಾಗ ತಲೆಕೆಟ್ಟು ಇಲ್ಲಿದ್ದವರನ್ನು ಅಲ್ಲಿದ್ದಾರೆ ಅನ್ನುತ್ತಿತ್ತು, ಇಬ್ಬರಿಗೆ ಸುಮ್ಮಸುಮ್ಮನೆ ಗೈರುಹಾಜರಿಯೂ ಬಿದ್ದಿತ್ತು. ಆಗ ಯೂನಿಯನ್ನಿನವರು ಗೇಟಿನ ಮುಂದೆ ಹನ್ನೊಂದು ದಿನ ಧರಣಿ ಕೂತರು. ಬ್ಯಾಡ್ಜಿಗಿಂತ ಮನುಷ್ಯನ ಮಾತಿಗೆ ಬೆಲೆ ಕೊಡಿ ಎಂದು ಕೂಗಿ ಗೆದ್ದೂ ಬಂದರು. ಬ್ಯಾಡ್ಜು ಒಂದು ಹೇಳಿ ಮನುಷ್ಯ ಇನ್ನೊಂದು ಹೇಳಿದರೆ ಕಿವಿ ಮನುಷ್ಯನನ್ನೇ ನಂಬತಕ್ಕದ್ದು ಎಂದು ನಿಯಮ ಬದಲಾಯಿತು. ಆ ಹನ್ನೊಂದು ದಿನವೂ ಎಲ್ಲರಿಗೆ ಮಜ್ಜಿಗೆ ಹಂಚಿದವಳು ಸಿಂಚನಾ.

ಮಾರ್ಚ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಮಹದೇವಸ್ವಾಮಿ ಕ್ಲೋರಿನ್ ಕೋಣೆಯೊಳಗೆ ಒಂದು ವಾಷರ್ ಬದಲಾಯಿಸುತ್ತಿದ್ದರು. ಐವತ್ತೇಳರ ಹಳೆಯ ಫಿಟ್ಟರ್. ಸಿಂಚನಾ ಅವರನ್ನು ಸ್ವಾಮಣ್ಣ ಅನ್ನುತ್ತಿದ್ದಳು. ಐದು ನಿಮಿಷದ ಕೆಲಸಕ್ಕೆ ಯಾಕೆ ಎಂದು ಮಾಸ್ಕನ್ನು ಹೊರಗೆ ಕಂಟ್ರೋಲ್ ಪ್ಯಾನೆಲ್ಲಿನ ಪಕ್ಕದ ಮೊಳೆಗೆ ನೇತುಹಾಕಿ ಒಳಗೆ ಹೋಗಿದ್ದರು. ಪೈಪಿನ ಜೋಡಣೆ ಸಡಿಲವಾಗಿ ಗ್ಯಾಸ್ ಸೋರತೊಡಗಿತು. ಸ್ಪ್ಯಾನರ್ ಬಿಗಿಹಿಡಿದು ನಿಂತರೆ ಸೋರಿಕೆ ಸ್ವಲ್ಪ, ಬಿಟ್ಟರೆ ಬುಸ್ಸನೆ ಬರುವುದು ಖಂಡಿತ.

"ಸಿಂಚನಮ್ಮ, ವಾಸನೆ ಬತ್ತಾ ಅದೆ. ಪ್ಯಾನೆಲ್ ತಾವ್ಕೆ ಬನ್ನಿ" ಎಂದರು ವಾಕಿಟಾಕಿಯಲ್ಲಿ.

ಸಿಂಚನಾ ಫಿಲ್ಟರ್ ಬೆಡ್ಡಿನ ಆ ತುದಿಯಲ್ಲಿದ್ದಳು, ನೂರಾ ಎಂಬತ್ತು ಮೀಟರ್ ದೂರ. "ಬಂದೆ ಸ್ವಾಮಣ್ಣ, ಬಂದೆ" ಎಂದು ಹೇಳಿ ಓಡಿದಳು.

ಗ್ಯಾಸ್ ಸೋರಿದರೆ ಕಿವಿ ತಾನಾಗಿಯೇ ಗ್ಯಾಸಿನ ಮೇನ್ ವಾಲ್ವ್ ಮುಚ್ಚುತ್ತದೆ. ಆದರೆ ಥಟ್ಟನೆ ಮುಚ್ಚಿದರೆ ಶುದ್ಧವಾಗದ ನೀರು ಊರಿಗೆ ಹರಿಯುವ ಅಪಾಯ ಉಂಟು. ಹಾಗಾಗಿ ಪ್ಯಾನೆಲ್ಲಿನ ಎದುರು ಆಪರೇಟರ್ ಇದ್ದರೆ ಅದು ತೊಂಬತ್ತು ಸೆಕೆಂಡು ಸುಮ್ಮನಿದ್ದು, ಮುಚ್ಚುವ ತೀರ್ಮಾನವನ್ನು ಅವರಿಗೆ ಬಿಡುತ್ತದೆ. ಅವತ್ತು ಬ್ಯಾಡ್ಜು ಸರಿಯಾಗಿಯೇ ಹೇಳಿತ್ತು, ಸಿಂಚನಾ ದೂರದಲ್ಲಿದ್ದಾಳೆ ಎಂದು. ಮನುಷ್ಯನ ಬಾಯಿ ಮಾತ್ರ ಬಂದೆ ಅಂದಿತ್ತು. ಕಿವಿ ನಿಯಮದಂತೆ ಮನುಷ್ಯನನ್ನೇ ನಂಬಿತು. ಪರದೆಯ ಮೇಲೆ "ಆಪರೇಟರ್ ಸ್ಥಳದಲ್ಲಿ ಹಾಜರು" ಎಂದು ಬರೆದು, ವಾಲ್ವ್ ಮುಚ್ಚದೆ ಕಾಯತೊಡಗಿತು.

ಸಿಂಚನಾ ತಲುಪಲು ಎಪ್ಪತ್ತೆಂಟು ಸೆಕೆಂಡು ಹಿಡಿಯಿತು. ನಲವತ್ತೆರಡರ ಹೆಂಗಸು, ಸೀರೆಯ ಮೇಲೆ ಯೂನಿಫಾರಂ ಕೋಟು, ಕಾಲಲ್ಲಿ ಗಂಬೂಟು. ಅದಕ್ಕಿಂತ ಬೇಗ ಯಾರು ಓಡುತ್ತಾರೆ? ಬಂದವಳೇ ವಾಲ್ವ್ ಮುಚ್ಚುವ ಕೆಂಪು ಗುಂಡಿ ಒತ್ತಿದಳು, ಮಾಸ್ಕ್ ಎಳೆದುಕೊಂಡು ಒಳಗೆ ನುಗ್ಗಿದಳು, ಇನ್ನೂ ಸ್ಪ್ಯಾನರ್ ಬಿಡದ ಸ್ವಾಮಣ್ಣನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೊರಗೆ ಎಳೆತಂದಳು. ಸ್ವಾಮಣ್ಣ ಉಳಿದರು. ಶ್ವಾಸಕೋಶ ಮಾತ್ರ ಮೊದಲಿನ ಹಾಗೆ ಆಗಲಿಲ್ಲ, ಎರಡು ಮಾತಾಡಿದರೆ ಒಮ್ಮೆ ಏದುಸಿರು.

ಎಲ್ಲರೂ ಅವಳ ಬೆನ್ನು ತಟ್ಟಿದರು. ಒಂಬತ್ತನೇ ದಿನ ಘಟಕ ನಡೆಸುವ ಕಂಪನಿಯಿಂದ ವಜಾ ಆದೇಶ ಬಂತು. ಕಾರಣ: ಸುರಕ್ಷತೆಗೆ ಸಂಬಂಧಿಸಿ ಸುಳ್ಳು ಹೇಳಿಕೆ.

ಇದರ ವಿರುದ್ಧ ದೂರು ಕೊಡಲು ಮೊದಲಾಗಿದ್ದರೆ ಕಾರ್ಮಿಕ ನ್ಯಾಯಾಲಯ ಇತ್ತು. ಅಲ್ಲಿ ಒಂದು ಕೇಸು ಮುಗಿಯಲು ಹದಿನೈದು ವರ್ಷ, ಅಷ್ಟರಲ್ಲಿ ಕೆಲಸಗಾರನೇ ಮುಗಿದಿರುತ್ತಿದ್ದ. ಅದಕ್ಕೇ ಯೂನಿಯನ್ನು ಕಂಪನಿ ಎರಡೂ ಕೂಡಿ ಒಪ್ಪಂದ ಮಾಡಿಕೊಂಡಿದ್ದವು: ವಜಾ ಪ್ರಕರಣಗಳನ್ನೆಲ್ಲ ಮಧ್ಯಸ್ಥ ಯಂತ್ರ ತೀರ್ಮಾನಿಸಲಿ, ಮೂವತ್ತೇ ದಿನದಲ್ಲಿ, ಲಂಚವಿಲ್ಲದೆ, ವಾಯಿದೆಯಿಲ್ಲದೆ. ಅದು ಕೊಡುವ ತೀರ್ಪಿಗೆ ಕಾನೂನಿನಲ್ಲಿ ಐತೀರ್ಪು ಎಂದು ಹೆಸರು, ಅದು ಕೊಟ್ಟದ್ದೇ ಕೊನೆ. ಕೆಲಸಗಾರರು ಆ ಯಂತ್ರವನ್ನು ಯಜಮಾನಪ್ಪ ಎಂದು ಕರೆಯುತ್ತಿದ್ದರು. ಒಪ್ಪಂದಕ್ಕೆ ಬಿದ್ದ ಮುನ್ನೂರ ಹನ್ನೆರಡು ಸಹಿಗಳಲ್ಲಿ ಸಿಂಚನಾಳದೂ ಒಂದು.

ಯಜಮಾನಪ್ಪನ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ಪರದೆ, ಕುಡಿಯಲು ನೀರು. ಸಿಂಚನಾ ಅಭ್ಯಾಸಬಲದಿಂದ ಆ ನೀರನ್ನು ಮೂಸಿ ನೋಡಿ ಇಟ್ಟಳು. ಯಂತ್ರದ ದನಿ ಮೃದುವಾಗಿತ್ತು, ಮೇಷ್ಟರೊಬ್ಬರು ಪಾಠ ಓದಿದ ಹಾಗೆ.

"ತಾವು ‘ಬಂದೆ’ ಎಂದು ಹೇಳಿದಾಗ ಪ್ಯಾನೆಲ್ಲಿನ ಬಳಿ ಇದ್ದಿರಾ?"

"ಇಲ್ಲ ಸ್ವಾಮಿ. ಬರ್ತಾ ಇದ್ದೆ."

"‘ಬರುತ್ತಿದ್ದೇನೆ’ ಎಂಬ ಕ್ರಿಯಾರೂಪ ತಮಗೆ ತಿಳಿದಿತ್ತೇ?"

"ತಿಳಿಯದೆ ಏನು? ತಿಳಿದಿತ್ತು."

"ತಿಳಿದಿದ್ದೂ ಬಳಸಲಿಲ್ಲ."

"ಯಾರೂ ಬಳಸಲ್ಲ. ಕೂಗಿದ್ರೆ ಬಂದೆ ಅಂತಾರೆ. ಚಿಕ್ಕ ಮಗುವೂ ಹಂಗೇ ಅನ್ನುತ್ತೆ."

ಯಜಮಾನಪ್ಪ ಕನ್ನಡ ಕಲಿತದ್ದು ಅಚ್ಚಾದ ಕಾಗದದಿಂದ: ಸರ್ಕಾರಿ ಆದೇಶಗಳು, ಪತ್ರಿಕೆಗಳು, ಪಠ್ಯಪುಸ್ತಕಗಳು, ವರದಿಗಳು. ಕಿವಿಯೂ ಅದೇ ಗಂಟಿನಿಂದ ಕಲಿತದ್ದು. ಬಚ್ಚಲಮನೆಯಿಂದ, ಅಡುಗೆಮನೆಯಿಂದ, ಹಿತ್ತಿಲಿನಿಂದ ಜನ ಕೂಗಾಡಿಕೊಳ್ಳುವುದನ್ನು ಯಾರು ಅಚ್ಚು ಹಾಕಿಸುತ್ತಾರೆ? ಎಲ್ಲೋ ನಾಲ್ಕು ಕಡೆ ಇದ್ದಿರಬಹುದು, ರಾಶಿಯಲ್ಲಿ ಅದು ಲೆಕ್ಕಕ್ಕೆ ಬಾರದು.

"ನನ್ನ ಬಳಿಯಿರುವ ಉದಾಹರಣೆಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಕಡೆ ಈ ರೂಪವು ಮುಗಿದ ಕ್ರಿಯೆಯನ್ನು ಸೂಚಿಸುತ್ತದೆ" ಎಂದಿತು. "ತಮ್ಮ ವಿವರಣೆಯನ್ನು ದಾಖಲಿಸಿಕೊಂಡಿದ್ದೇನೆ."

ಸಾಕ್ಷಿ ಹೇಳಲು ಸ್ವಾಮಣ್ಣ ಆಸ್ಪತ್ರೆಯಿಂದಲೇ ಬಂದರು. ಸಿಂಚನಾಳನ್ನು ಉಳಿಸಲೇಬೇಕೆಂದು ಆಕ್ಸಿಜನ್ ನಳಿಗೆ ಪಕ್ಕಕ್ಕೆ ಸರಿಸಿ ಮಾತಾಡಿದರು.

"ಆಯಮ್ಮ ಬಂದೆ ಅಂದ್ರು. ಆ ಮಾತ್ ಕೇಳ್ತಿದ್ದಂಗೇ ನಂಗೆ ಧೈರ್ಯ ಬಂತು. ಅದ್ಕೇ ಸ್ಪ್ಯಾನರ್ ಬಿಡ್ದೆ ಹಿಡ್ಕಂಡು ನಿಂತ್ಕಂಡೆ. ಬಿಟ್ಟು ಓಡೋಗಿದ್ರೆ ಇಡೀ ಯಾರ್ಡ್‌ಗೆ ಗ್ಯಾಸ್ ತುಂಬ್ಕತಿತ್ತು."

"ಅವರ ಮಾತನ್ನು ನಂಬಿ ತಾವು ಒಳಗೇ ಉಳಿದಿರಿ."

"ನಂಬ್ದೆ. ನಂಬ್ದೆ ಇರ್ತೀನಾ? ಹತ್ತೊಂಬತ್ತು ವರ್ಷದ ಜತೆ."

ಸ್ವಾಮಣ್ಣ ಹೊರಗೆ ಬಂದು, ಚೆನ್ನಾಗಿ ಹೇಳಿದೆನಾ ಎಂದು ಕೇಳಿದರು. ಸಿಂಚನಾ ಚೆನ್ನಾಗಿ ಹೇಳಿದಿರಿ ಅಂದಳು. ಐತೀರ್ಪಿನ ಹದಿನಾಲ್ಕನೇ ಪ್ಯಾರಾದಲ್ಲಿ ಬಂದದ್ದು ಅದೇ ಮಾತು: ಗಾಯಾಳುವು ಅರ್ಜಿದಾರಳ ಸುಳ್ಳು ಹೇಳಿಕೆಯನ್ನು ನಂಬಿ ಅಪಾಯದ ಸ್ಥಳದಲ್ಲಿ ಉಳಿದನೆಂದು ಸ್ವತಃ ಒಪ್ಪಿರುತ್ತಾನೆ. ವಜಾ ಸರಿಯಿದೆ.

ಅದನ್ನು ಓದಿ ಹೇಳಿದಾಗ ಸ್ವಾಮಣ್ಣ ಮಗುವಿನಂತೆ ಅತ್ತರು. ಅವಳೇ ಅವರನ್ನು ಸಮಾಧಾನ ಮಾಡಬೇಕಾಯಿತು.

ಕೆಲಸ ಹೋದದ್ದು ಒಂದು, ಗುರುತು ಬಿದ್ದದ್ದು ಇನ್ನೊಂದು. ಆಪರೇಟರುಗಳ ಲೈಸೆನ್ಸಿನ ಮೇಲೆ "ಸುಳ್ಳು ಹೇಳಿಕೆ" ಎಂದು ಒಮ್ಮೆ ನಮೂದಾದರೆ ರಾಜ್ಯದ ಯಾವ ಕಂಟ್ರೋಲ್ ರೂಮಿನ ಬಾಗಿಲೂ ತೆರೆಯುವುದಿಲ್ಲ. ಸಿಂಚನಾ ಡೈರಿಗೆ ಹೋದಳು, ಸಕ್ಕರೆ ಕಾರ್ಖಾನೆಗೆ ಹೋದಳು. ಎರಡೂ ಗೇಟಿನಲ್ಲಿ ಕಾರ್ಡು ತೋರಿಸಿದ ಕೂಡಲೇ ಕೆಂಪು ದೀಪ. ಗೇಟಿನ ಕಾವಲುಗಾರ ಕಾರ್ಡನ್ನೂ ಅವಳ ಮುಖವನ್ನೂ ನೋಡಿ, "ಏನ್ ಸುಳ್ ಹೇಳಿದ್ರಿ ಅಕ್ಕ?" ಎಂದು ಸಹಜವಾಗಿಯೇ ಕೇಳಿದ. ಬಂದೆ ಅಂದೆ ಎಂದು ಹೇಳಿದರೆ ಆ ಪುಣ್ಯಾತ್ಮ ತಮಾಷೆ ಅಂದುಕೊಂಡಾನು ಎಂದು ಅವಳು ಬಸ್ ಸ್ಟಾಪಿಗೆ ನಡೆದಳು.

ಮನೆಯಲ್ಲಿ ಅವಳ ನಾಲಗೆಗೆ ಕಾವಲು ಬಿತ್ತು. ಅತ್ತೆ ಕೂಗಿದರೆ ಬಂದೆ ಎಂಬ ಮಾತು ತುಟಿಗೆ ಬಂದು ನಿಂತುಬಿಡುತ್ತಿತ್ತು. ನುಂಗಿಕೊಂಡು, "ಬರ್ತಾ ಇದೀನಿ ಅತ್ತೆ, ಎರಡು ನಿಮಿಷ ಆಗುತ್ತೆ" ಅನ್ನುತ್ತಿದ್ದಳು.

"ಅದ್ಯಾಕ್ ಮಗ ಟೇಸನ್‌ನಲ್ಲಿ ರೈಲ್ ಬರೋದ್ ಹೇಳ್ದಂಗೆ ಹೇಳ್ತೀಯ?" ಎಂದು ಪುಟ್ಟಮಾದಮ್ಮ ನಕ್ಕರು ಮೊದಲ ದಿನ. ಆಮೇಲೆ ನಗಲಿಲ್ಲ. "ಎರಡ್ ನಿಮಿಸ ಅಂದೆ, ಎಲ್ಲಿ?" ಎಂದು ಕೂಗಿ ಕೇಳತೊಡಗಿದರು. ಮೊದಲು ಹತ್ತು ನಿಮಿಷ ನೆಮ್ಮದಿಯಾಗಿ ಕಾಯುತ್ತಿದ್ದ ಮುದುಕಿ ಈಗ ಎರಡು ನಿಮಿಷವನ್ನು ಎಣಿಸುತ್ತಿದ್ದರು.

ಗಂಡ ಲೋಹಿತ್ ಬಸ್ ಡಿಪೊದಲ್ಲಿ ಮೆಕ್ಯಾನಿಕ್. "ಕೋರ್ಟಿಗೆ ಹಾಕೋಣ" ಎಂದ. "ಜಡ್ಜ್ ಅಂದ್ಮೇಲೆ ಮನುಷ್ಯರಲ್ವಾ? ಅವ್ರ ಮನೇಲೂ ಬಂದೆ ಅಂತಾರೆ. ಒಂದ್ಸಲ ಹೇಳಿದ್ರೆ ಅರ್ಥ ಆಗೋಗುತ್ತೆ."

ವಕೀಲ ಅಕ್ರಂ ಪಾಷಾ ಐತೀರ್ಪನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿ ಅಕ್ಕ, ಮೊದಲೇ ಹೇಳಿಬಿಡ್ತೀನಿ. ಐತೀರ್ಪು ತಪ್ಪು ಅಂತ ಕೋರ್ಟಿಗೆ ಹೋಗಕ್ಕಾಗಲ್ಲ. ತಪ್ಪಾಗಿದ್ರೂ ಅದು ಐತೀರ್ಪೇ. ಪರಿಶೀಲನಾ ಪೀಠಕ್ಕೆ ನಾಲ್ಕೇ ಕಿಟಕಿ. ಲಂಚ, ಮೋಸ ನಡೆದಿದ್ರೆ ಒಂದು. ಒಪ್ಪಂದದಲ್ಲಿ ಇಲ್ಲದ ವಿಷಯಕ್ಕೆ ಕೈ ಹಾಕಿದ್ರೆ ಎರಡು. ಯಾವ ಸಾಕ್ಷ್ಯವೂ ಇಲ್ಲದೆ ತೀರ್ಮಾನ ಮಾಡಿದ್ರೆ ಮೂರು. ನಿಮ್ಮ ಮಾತನ್ನ ಕೇಳದೇ ಇದ್ರೆ ನಾಲ್ಕು. ಇದರಲ್ಲಿ ಯಾವುದು ನಿಮ್ಮದು?"

"ಅದು ಕೇಳ್ತು ಸಾರ್. ಅರ್ಥ ಮಾಡ್ಕೊಳ್ಳಲಿಲ್ಲ."

ಪಾಷಾ ಕನ್ನಡಕ ಮತ್ತೆ ಹಾಕಿಕೊಂಡರು. "ನಾಲ್ಕನೇ ಕಿಟಕಿ ತಟ್ಟೋಣ" ಅಂದರು. "ತೆಗೀತಾರೋ ಇಲ್ವೋ, ಭರವಸೆ ಕೊಡಲ್ಲ."

ಏಳು ತಿಂಗಳ ಮೇಲೆ ವಿಚಾರಣೆ ಬಂತು. ಪೀಠದಲ್ಲಿ ನ್ಯಾಯಮೂರ್ತಿ ಕಮಲಾಕ್ಷಿಯವರು ಒಬ್ಬರೇ. ಅವರ ಮಾತಿನಲ್ಲಿ ತಮ್ಮ ಕಡೆಯ ಎಳೆತ ಕೇಳಿಸಿದ್ದೇ ಸಿಂಚನಾಳಿಗೆ ಅರ್ಧ ಗೆದ್ದ ಹಾಗಾಯಿತು. ಹಿಂದಿನ ಬೆಂಚಿನಲ್ಲಿ ಲೋಹಿತ್ ಕೂತಿದ್ದ, ಪಕ್ಕದಲ್ಲಿ ಸ್ವಾಮಣ್ಣ ಇನ್ಹೇಲರ್ ಹಿಡಿದು ಕೂತಿದ್ದರು. ನ್ಯಾಯಮೂರ್ತಿಗಳ ಪಕ್ಕದ ಪರದೆಯಲ್ಲಿ ಕೋರ್ಟಿನ ಬರಹಯಂತ್ರ ಎಲ್ಲರ ಮಾತನ್ನೂ ಸಾಲುಸಾಲಾಗಿ ಬರೆಯುತ್ತಿತ್ತು.

ಪಾಷಾ ಚೆನ್ನಾಗಿ ವಾದಿಸಿದರು. ಕೇಳುವುದು ಎಂದರೆ ಶಬ್ದ ಒಳಗೆ ಹೋಗುವುದಲ್ಲ, ನನ್ನ ಕಕ್ಷಿದಾರಳ ಶಬ್ದವನ್ನು ಮಧ್ಯಸ್ಥ ಯಂತ್ರ ಸ್ವೀಕರಿಸಿದೆ, ಮಾತನ್ನು ಕೇಳಿಲ್ಲ ಎಂದರು. ಕಂಪನಿಯ ಪರ ವಕೀಲರು ಎದ್ದು, ಅರ್ಜಿದಾರಳು ಐವತ್ತು ನಿಮಿಷ ಮಾತಾಡಿದ್ದಾಳೆ, ಪ್ರತಿ ಪದವೂ ದಾಖಲಾಗಿದೆ, ಆಕೆಯ ವಿವರಣೆ ಒಂಬತ್ತನೇ ಪ್ಯಾರಾದಲ್ಲಿ ಹಾಗೇ ಇದೆ, ಇದಕ್ಕಿಂತ ಹೆಚ್ಚು ಹೇಗೆ ಕೇಳಬೇಕು ಎಂದರು. ಅದೂ ಸುಳ್ಳಲ್ಲ.

"ಆ ಒಪ್ಪಂದದ ಮೂಲ ಪ್ರತಿ ಎಲ್ಲಿ?" ಎಂದು ನ್ಯಾಯಮೂರ್ತಿಗಳು ಕಡತ ತಿರುವಿ, "ರಾಚಯ್ಯಾ" ಎಂದು ಕರೆದರು.

ರಾಚಯ್ಯ ಆ ಪೀಠದ ಹಳೆಯ ಜವಾನರು, ತಲೆಯಲ್ಲಿ ಕಪ್ಪು ಕೂದಲು ಒಂದೂ ಉಳಿದಿರಲಿಲ್ಲ. ಹಿಂದಿನ ಕಪಾಟಿನ ಬಳಿ ಬಗ್ಗಿ ಕಡತದ ಕಟ್ಟಿಗೆ ದಾರ ಬಿಗಿಯುತ್ತಿದ್ದರು. ತಲೆ ಎತ್ತದೆ, "ಬಂದೆ ಮೇಡಂ" ಅಂದರು. ದಾರ ಬಿಗಿಯುತ್ತಲೇ ಇದ್ದರು.

ಕೋರ್ಟ್ ಹಾಲಿನಲ್ಲಿ ಒಬ್ಬರು ಕಿಸಕ್ಕೆಂದರು, ಅವರ ಹಿಂದೆ ಇಡೀ ಹಾಲ್ ನಕ್ಕಿತು. ಕಂಪನಿಯ ವಕೀಲರೂ ಕರವಸ್ತ್ರ ಬಾಯಿಗೆ ಹಿಡಿದು ನಕ್ಕರು. ತಾನೇನು ಮಾಡಿದೆನೆಂದು ತಿಳಿಯದೆ ರಾಚಯ್ಯ ದಾರ ಹಿಡಿದು ಎದ್ದು ನಿಂತರು. ನ್ಯಾಯಮೂರ್ತಿಗಳ ಮುಖದಲ್ಲೂ ನಗು ಹರಡಿತು. ಸಿಂಚನಾ ಆ ನಗುವನ್ನೇ ನೋಡುತ್ತಿದ್ದಳು. ಏಳು ತಿಂಗಳಲ್ಲಿ ಮೊದಲ ಸಲ ಅವಳ ಎದೆ ಹಗುರಾಯಿತು.

"ಇದೇ ಮೇಡಂ" ಎಂದರು ಪಾಷಾ, ಕೈ ಜೋಡಿಸಿ. "ನಾನು ಹೇಳಬೇಕಾದದ್ದನ್ನೆಲ್ಲ ರಾಚಯ್ಯನವರು ಹೇಳಿಬಿಟ್ಟರು."

ನ್ಯಾಯಮೂರ್ತಿಗಳು ಪಕ್ಕದ ಪರದೆಯತ್ತ ಕಣ್ಣು ಹಾಯಿಸಿದರು. ಅವರ ನಗು ಅಲ್ಲೇ ನಿಂತಿತು. ಪರದೆಯನ್ನು ಸ್ವಲ್ಪ ತಿರುಗಿಸಿದಾಗ ಸಿಂಚನಾಳಿಗೂ ಕಂಡಿತು. ಬರಹಯಂತ್ರ ಬರೆದಿತ್ತು: ಶ್ರೀ ರಾಚಯ್ಯನವರು ಪೀಠದ ಮುಂದೆ ಹಾಜರಾದರು.

ಹಾಲಿನಲ್ಲಿ ಮತ್ತೆ ಯಾರೂ ನಗಲಿಲ್ಲ.

ಕಮಲಾಕ್ಷಿಯವರು ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು, ಅಗತ್ಯಕ್ಕಿಂತ ಹೆಚ್ಚು ಹೊತ್ತೇ ಒರೆಸಿದರು. "ಸಿಂಚನಾ ಅವರೇ, ಎದ್ದು ನಿಲ್ಲಬೇಡಿ, ಕೂತಿರಿ" ಎಂದು ಮೆಲ್ಲಗೆ ಶುರುಮಾಡಿದರು. "ಬಂದೆ ಅಂದ್ರೆ ಏನು ಅಂತ ನನಗೆ ಗೊತ್ತಮ್ಮ. ಇವತ್ತು ಬೆಳಿಗ್ಗೆ ನಾನೇ ಮೂರು ಸಲ ಅಂದಿದೀನಿ. ಆದರೆ ನಿಮ್ಮ ಕೇಸಿನಲ್ಲಿ ಸರಿ ಯಾವುದು ಅಂತ ಹೇಳೋ ಅಧಿಕಾರ ನನಗಿಲ್ಲ. ಅದನ್ನ ನೀವೇ ಸಹಿ ಹಾಕಿ ಆ ಯಂತ್ರಕ್ಕೆ ಕೊಟ್ಟಿದೀರಿ. ಅದು ನಿಮ್ಮ ಮಾತಿಗೆ ಅವಕಾಶ ಕೊಡ್ತೇ ಅಂತಷ್ಟೇ ನಾನು ನೋಡಬಹುದು. ಕೊಟ್ಟಿದೆ. ಕೇಳೋದು ಬೇರೆ, ಅರ್ಥ ಮಾಡ್ಕೊಳ್ಳೋದು ಬೇರೆ. ಕಾನೂನು ಮೊದಲನೆಯದನ್ನ ಮಾತ್ರ ಅಳೆಯುತ್ತೆ."

ಪಾಷಾ ಕೊನೆಯದೊಂದು ಪ್ರಯತ್ನ ಮಾಡಿದರು. "ಮೇಡಂ, ಹಾಗಾದರೆ ಅದು ಬಿಳಿಯನ್ನು ಕಪ್ಪು ಅಂದರೂ ನಾವು ಸುಮ್ಮನಿರಬೇಕೇ?"

"ಪದಕೋಶದಲ್ಲಿ ಅದು ಕಪ್ಪು ಅಂತಲೇ ಇದೆಯಲ್ಲ ಪಾಷಾ ಅವರೇ. ಸಾಕ್ಷ್ಯವೇ ಇಲ್ಲ ಅನ್ನೋ ಹಾಗೂ ಇಲ್ಲ. ಇವತ್ತು ನಾನು ಈ ಕಿಟಕಿ ಒಡೆದರೆ ನಾಳೆ ಗೆದ್ದ ಪ್ರತಿಯೊಬ್ಬ ಕೆಲಸಗಾರನ ಮೇಲೂ ಕಂಪನಿಗಳು ಇಲ್ಲಿಗೆ ಬರ್ತವೆ, ಮತ್ತೆ ಹದಿನೈದು ವರ್ಷ." ಅವರು ಯಾರ ಮುಖವನ್ನೂ ನೋಡದೆ ಆದೇಶ ಹೇಳಿದರು. ಐತೀರ್ಪಿನಲ್ಲಿ ಪದದ ಅರ್ಥ ತಪ್ಪಾಗಿದೆಯೆಂದು ಈ ಪೀಠಕ್ಕೆ ಮನವರಿಕೆಯಾದರೂ ಅದು ಮಧ್ಯಪ್ರವೇಶಕ್ಕೆ ಆಧಾರವಾಗದು. ಅರ್ಜಿ ವಜಾ.

ವಜಾ ಎಂಬ ಪದ ಮಾತ್ರ ಎಲ್ಲ ಯಂತ್ರಗಳಿಗೂ ಎಲ್ಲ ಮನುಷ್ಯರಿಗೂ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಸಿಂಚನಾ ಎದ್ದು ಪೀಠಕ್ಕೆ ಕೈಮುಗಿದಳು. ಅವಳಿಗೆ ಯಾರ ಮೇಲೂ ಸಿಟ್ಟು ಮಾಡಲು ಆಗುತ್ತಿರಲಿಲ್ಲ. ನ್ಯಾಯಮೂರ್ತಿಗಳು ಒಳ್ಳೆಯವರು, ಸ್ವಾಮಣ್ಣ ದೇವರಂಥವರು, ಒಪ್ಪಂದಕ್ಕೆ ಸಹಿ ತನ್ನದೇ, ಧರಣಿಗೆ ಮಜ್ಜಿಗೆಯೂ ತನ್ನದೇ. ಸಿಟ್ಟು ಮಾಡಲು ಒಬ್ಬ ಕೆಟ್ಟವನಾದರೂ ಇರಬಾರದಿತ್ತೇ ಅನ್ನಿಸಿತು.

ಬಾಗಿಲ ಬಳಿ ರಾಚಯ್ಯ ನಿಂತಿದ್ದರು. "ನನ್ನಿಂದ ಏನಾರ ತೊಂದ್ರೆ ಆಯ್ತಾ ತಾಯಿ?" ಎಂದು ಕೇಳಿದರು. ಇಲ್ಲ ಅಣ್ಣ ಎಂದಳು.

ಎರಡು ವಾರ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಸ್ವಾಮಣ್ಣ ಮನೆಗೆ ಬಂದರು. ಕಂಪನಿ ಅವರಿಗೆ ಕೂತು ಮಾಡುವ ಕೆಲಸ ಕೊಟ್ಟಿತ್ತು, ಕಂಟ್ರೋಲ್ ರೂಮಿನಲ್ಲಿ ಪರದೆ ನೋಡುವುದು. ಸಿಂಚನಾ ಕಾಫಿ ಕೊಟ್ಟಳು. ಅವರು ಎರಡು ಗುಟುಕು ಕುಡಿದರು.

"ಈಗ ಹೊಸ ರೂಲ್ಸ್ ಮಾಡವ್ರೆ ಸಿಂಚನಮ್ಮ" ಎಂದರು, ಮಾತಿನ ನಡುವೆ ಉಸಿರು ಹುಡುಕಿಕೊಳ್ಳುತ್ತ. "ಜಾಗ ತಲುಪೋ ತಂಕ ವಾಕಿಟಾಕಿಲಿ ಯಾರೂ ಮಾತಾಡಂಗಿಲ್ಲ. ತಲುಪಿದ್ ಮೇಲೆ ‘ನಾನು ತಲುಪಿದ್ದೇನೆ’ ಅಂತ ಪೂರ್ತಿ ಹೇಳ್ಬೇಕು. ನಿಮ್ ಕೇಸ್ ಆದ್ಮೇಲೆ ಎಲ್ರಿಗೂ ಭಯ. ಮೊನ್ನೆ ಪಂಪ್ ಹೌಸಲ್ಲಿ ನಂಜುಂಡ ಕಾಲ್ ಜಾರಿ ಬಿದ್ದು ಕೂಗ್ದ. ನಾಕ್ ಜನ ಓಡಿದ್ರು. ಒಬ್ರೂ ಬಾಯ್ ಬಿಡ್ಲಿಲ್ಲ. ಅವ್ನು ಬಿದ್ದಲ್ಲೇ, ಯಾರೂ ಕೇಳಿಸ್ಕಳ್ಳಿಲ್ಲ ಅಂತ ಅಳ್ತಾ ಇದ್ನಂತೆ."

"ಓಡಿ ಹೋದ್ರಲ್ಲ ಸ್ವಾಮಣ್ಣ."

"ಹೋದ್ರು. ನಾನಾಗಿದ್ರೆ ಅಷ್ಟೊತ್ಗೆ ಸ್ಪ್ಯಾನರ್ ಬಿಟ್ಬಿಡ್ತಿದ್ದೆ." ಸ್ವಾಮಣ್ಣ ಲೋಟ ಕೆಳಗಿಟ್ಟರು. "ನೀವು ಬಂದೆ ಅಂದಿದ್ದು ನಂಗೆ ಸುಳ್ ಹೇಳಕ್ಕಲ್ಲ ಅಂತ ನಂಗೊಬ್ನಿಗೆ ಗೊತ್ತು. ನಾನ್ ನಂಬ್ದೆ ಅಂದಿದ್ನೇ ಯಜಮಾನಪ್ಪ ನಿಮ್ ಕುತ್ಗೆಗೆ ಕಟ್ತು."

ಆಗ ಬಚ್ಚಲಮನೆಯಿಂದ ಕೂಗು ಬಂತು. "ಸಿಂಚನಾ."

ಪುಟ್ಟಮಾದಮ್ಮನ ಸ್ನಾನ ಮುಗಿದಿತ್ತು. ಸೀರೆ ಸುತ್ತಿಕೊಂಡು ಒಳಗಿನ ಸ್ಟೂಲಿನ ಮೇಲೆ ಕೂತು ಕರೆಯುತ್ತಿದ್ದರು. ಕೈ ಹಿಡಿದು ಹೊಸ್ತಿಲು ದಾಟಿಸುವುದು ದಿನದ ಕೆಲಸ. ಸಿಂಚನಾ ಎದ್ದಳು. ಕೋರ್ಟಿನಿಂದ ಬಂದ ದಿನದಿಂದ "ಬರ್ತಾ ಇದೀನಿ" ಎಂಬುದೂ ಅವಳ ಬಾಯಿಂದ ಹೊರಡುತ್ತಿರಲಿಲ್ಲ. ಅದನ್ನೂ ಯಾರಾದರೂ ಸುಳ್ಳು ಮಾಡಿಬಿಟ್ಟರೆ ಎಂಬ ಹೆದರಿಕೆ. ಸದ್ದಿಲ್ಲದೆ ನಡೆದಳು. ನಡುಮನೆಯಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ.

"ಸಿಂಚನಾ... ಮಗ, ಅಲ್ಲಿದ್ದೀಯ?"

ಆರನೇ ಹೆಜ್ಜೆ.

"ಯಾರಿದ್ದೀರಾ?"

ಒಳಗೆ ತಂಬಿಗೆ ಉರುಳಿದ ಸದ್ದಾಯಿತು. ಅವಳು ಓಡಿಹೋಗಿ ಬಾಗಿಲು ತಳ್ಳಿದಳು. ಪುಟ್ಟಮಾದಮ್ಮ ಸ್ಟೂಲು ಬಿಟ್ಟು ಎದ್ದು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಎರಡೂ ಕೈಯಲ್ಲಿ ನಲ್ಲಿ ಹಿಡಿದುಕೊಂಡಿದ್ದರು. ಮುಖ ಬಾಗಿಲ ಕಡೆಗಿರಲಿಲ್ಲ, ಗೋಡೆಯ ಕಡೆಗಿತ್ತು. ಸಿಂಚನಾ ಆ ಕೈಗಳನ್ನು ನಲ್ಲಿಯಿಂದ ಬಿಡಿಸಿದಳು, ಅವತ್ತು ಸ್ಪ್ಯಾನರಿನಿಂದ ಬಿಡಿಸಿದ ಹಾಗೆಯೇ ಒಂದೊಂದು ಬೆರಳನ್ನೂ.

ಕೈಯ ಗುರುತು ಸಿಕ್ಕ ಮೇಲೆ ಮುದುಕಿ ಅಳತೊಡಗಿದರು. "ಮನೇಲ್ ಯಾರೂ ಇಲ್ಲ ಅಂದ್ಕಂಡೆ ಕಣ್ ಮಗ. ಎಲ್ರೂ ಎಲ್ಲೋ ಹೊರಟೋದ್ರು ಅಂದ್ಕಂಡೆ. ನೀನ್ ಬರೋದು ತಡ ಆಗ್ಲಿ, ಅರ್ಧ ಗಂಟೆ ಆಗ್ಲಿ, ನಾನ್ ಏನಾರ ಅಂದಿದ್ದೀನಾ? ಬಂದೆ ಅನ್ನು. ನಂಗೆ ಅಷ್ಟೇ ಸಾಕು. ಒಂದ್ಸಲ ಅನ್ನು, ಕೇಳ್ತೀನಿ."

ಬಾಗಿಲ ಹೊರಗೆ ಸ್ವಾಮಣ್ಣ ಬಂದು ನಿಂತಿದ್ದರು. ಅವರ ಏದುಸಿರು ಕೇಳುತ್ತಿತ್ತು. ಸಿಂಚನಾ ಅತ್ತೆಯ ಎರಡೂ ಕೈ ಹಿಡಿದು, ಒಂದು ಗೇಣು ದೂರದಲ್ಲಿ, ಎದುರಿಗೇ ನಿಂತಿದ್ದಳು. ಈಗ ಅಂದರೆ ಕಿವಿಗೂ ಸರಿ, ಯಜಮಾನಪ್ಪನಿಗೂ ಸರಿ, ಯಾವ ಪದಕೋಶ ತೆಗೆದು ನೋಡಿದರೂ ಸರಿ. ಅವಳು ಬಾಯಿ ತೆರೆದಳು, ತುಟಿ ಕೂಡಿಸಿದಳು, ಮತ್ತೆ ತೆರೆದಳು.

ಅವಳು ಬಂದಿದ್ದಳು. ಮಾತು ಬರಲಿಲ್ಲ.